ಕಿವಿಯ ಕೇಸು ಮತ್ತೆ ಮೆಡಿಕಲ್ ಬೋರ್ಡಿಗೆ ಹೋದ ಕಥೆ

ಸೇವೆಯಿಂದ ದೇಹಕ್ಕೆ ಆದ ಊನಕ್ಕೆ ಕೊಡುವ ಡಿಸೆಬಿಲಿಟಿ ಪಿಂಚಣಿಯ ಕೇಸಿನಲ್ಲಿ ‘ಮತ್ತೊಮ್ಮೆ ಮೆಡಿಕಲ್ ಬೋರ್ಡ್ (ಸೇನೆಯ ಡಾಕ್ಟರುಗಳ ಮಂಡಳಿ) ಮುಂದೆ ಹಾಜರಾಗಬೇಕು’ ಅಂತ ಆದೇಶ ಬಂದಿದೆ, ಹೋದ್ರೆ ಏನಾಗುತ್ತೆ, ಏನು ತಗೊಂಡು ಹೋಗಬೇಕು ಅಂತ ಕುಷ್ಟಗಿ, ಯಲಬುರ್ಗಾ ಕಡೆಯ ಕೆಲವು ಮಾಜಿ ಸೈನಿಕರು ನನ್ನನ್ನು ಕೇಳ್ತಾ ಇದ್ದಾರೆ. ಫೋನಿನಲ್ಲಿ ಹೇಳೋಣ ಅಂದ್ರೆ ನನಗೆ ಫೋನು ಸರಿಯಾಗಿ ಕೇಳಿಸುವುದಿಲ್ಲ. ನನ್ನ ಕೇಸೇ ಕಿವಿಯದು. ಹಾಗಾಗಿ ಬರೆದುಬಿಡೋದೇ ವಾಸಿ.

ನಾನು ಸೇನೆಗೆ ಸೇರಿದ್ದು 1995ರಲ್ಲಿ, ಬೆಳಗಾವಿ ಭರ್ತಿಯಲ್ಲಿ. ಆರ್ಟಿಲರಿ, ಅಂದ್ರೆ ತೋಪಿನವರು. ಅವತ್ತಿನ ಕಿವಿ ಪರೀಕ್ಷೆ ಇಷ್ಟೇ: ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದರು, ಒಂದು ಕಿವಿ ಮುಚ್ಚಿಸಿದರು, 20 ಅಡಿ ದೂರದಿಂದ ಒಬ್ಬರು ಪಿಸುಗುಟ್ಟಿದರು, ಅವರು ಅಂದಿದ್ದನ್ನು ನಾನು ತಿರುಗಿ ಹೇಳಿದೆ. ಎರಡೂ ಕಿವಿ ಪಾಸ್. ಆ ಪಿಸುಮಾತಿನ ಪರೀಕ್ಷೆಯ ಕಾಗದವೇ ಇಪ್ಪತ್ತೈದು ವರ್ಷ ಆದ ಮೇಲೆ ನನ್ನ ಕೇಸಿನ ಅರ್ಧ ಬಲ ಆಯ್ತು.

ಆಗ ನಮ್ಮೂರು ರಾಯಚೂರು ಜಿಲ್ಲೆ, ಯಲಬುರ್ಗಾ ತಾಲ್ಲೂಕು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಕುಕನೂರು ತಾಲ್ಲೂಕು ಆಗಿದ್ದು ಅದಕ್ಕೂ ಇಪ್ಪತ್ತು ವರ್ಷ ಆದ ಮೇಲೆ. ಊರು ಇದ್ದಲ್ಲೇ ಇದೆ, ಜಿಲ್ಲೆ ಒಂದು ಸಲ, ತಾಲ್ಲೂಕು ಒಂದು ಸಲ ಬದಲಾಯ್ತು. ಸೇನೆಯ ದಾಖಲೆಯಲ್ಲಿ ಮಾತ್ರ ಎರಡೂ ಹಳೇದೇ ಉಳಿದವು. ಇದರ ಕಥೆ ಮುಂದೆ ಬರುತ್ತೆ.

ಹೈದರಾಬಾದಿನ ಗೋಲ್ಕೊಂಡದಲ್ಲಿ ತರಬೇತಿ ಆಯ್ತು, ಆಮೇಲೆ ಯೂನಿಟ್. 1999ರಲ್ಲಿ ಕಾರ್ಗಿಲ್ ಕಡೆ ಇದ್ದೆವು. ಆ ಯುದ್ಧದಲ್ಲಿ ನಮ್ಮ ಆರ್ಟಿಲರಿ 2.5 ಲಕ್ಷಕ್ಕೂ ಜಾಸ್ತಿ ಶೆಲ್, ರಾಕೆಟ್ ಹಾರಿಸಿತು ಅಂತ ಲೆಕ್ಕ. ಹಗಲು ರಾತ್ರಿ ಫೈರಿಂಗ್. ಗನ್ನಿನ ಪಕ್ಕದಲ್ಲಿ ನಿಂತವರ ಕಿವಿಗೆ ಬೀಳುವ ಶಬ್ದ 140 ಡೆಸಿಬಲ್ ದಾಟಿರುತ್ತೆ, ಅಷ್ಟು ಶಬ್ದಕ್ಕೆ ಒಂದೇ ಏಟಿಗೂ ಕಿವಿ ಕೆಡಬಹುದು. ನಮಗೆ ರಕ್ಷಣೆ ಅಂದ್ರೆ ಹತ್ತಿ. ಹತ್ತಿ ಬಿದ್ದುಹೋದ್ರೆ ಬೆರಳು. ಎರಡೂ ಕೈಯಲ್ಲಿ ಶೆಲ್ ಹಿಡಿದಿದ್ದರೆ ಅದೂ ಇಲ್ಲ.

ಯುದ್ಧ ಮುಗಿದ ತಕ್ಷಣ ಏನೂ ಗೊತ್ತಾಗಲಿಲ್ಲ. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ‘ಗುಂಯ್’ ಅಂತ ಇರ್ತಿತ್ತು, ಎಲ್ಲರಿಗೂ ಇರ್ತಿತ್ತು, ಯಾರೂ ಅದನ್ನ ಕಾಯಿಲೆ ಅಂದುಕೊಳ್ಳಲಿಲ್ಲ. ಕಾಗದದ ಮೇಲೆ ಬಂದಿದ್ದು 2014ರಲ್ಲಿ, ನಾನು ದೇವಳಾಲಿಯಲ್ಲಿದ್ದಾಗ. ವರ್ಷದ ತಪಾಸಣೆಯಲ್ಲಿ ಡಾಕ್ಟರಿಗೆ ಅನುಮಾನ ಬಂದು ಆಡಿಯೋಗ್ರಾಮ್, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ಗೆರೆ ಎಳೆದು ತೋರಿಸುವ ಪರೀಕ್ಷೆ, ಮಾಡಿಸಿದರು, ಎರಡೂ ಕಿವಿಯ ನರ ದುರ್ಬಲ ಅಂತ ಬಂತು. ಮೆಡಿಕಲ್ ಕೆಟಗರಿ ಇಳಿಸಿದರು. ಸೈನಿಕರ ಆರೋಗ್ಯ ಅಳೆಯೋಕೆ ಸೇನೆಯಲ್ಲಿ ‘ಶೇಪ್’ ಅಂತ ಐದು ಅಕ್ಷರದ ಲೆಕ್ಕ ಇದೆ, ಅದರಲ್ಲಿ ‘ಎಚ್’ ಕಿವಿಯದು, 1 ಅಂದ್ರೆ ಪೂರ್ತಿ ಸರಿ. ನನ್ನದು ಎಚ್-2 ಆಯ್ತು.

ದೇವಳಾಲಿ ಎಂಥ ಜಾಗ ಅಂತ ಆರ್ಟಿಲರಿಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ನಾಸಿಕ್ ಹತ್ತಿರ, ದೇಶದ ಸ್ಕೂಲ್ ಆಫ್ ಆರ್ಟಿಲರಿ ಇರೋದೇ ಅಲ್ಲಿ. ಕೋರ್ಸಿಗೆ ಬಂದ ಆಫೀಸರುಗಳಿಗೆ ಕಲಿಸೋಕೆ ಅಂತ ಅಲ್ಲಿ ರೇಂಜಿನಲ್ಲಿ ಫೈರಿಂಗ್ ನಡೀತಾನೇ ಇರುತ್ತೆ, ಗನ್ ಹೊಡೆಯೋರು ನಮ್ಮಂಥವರು. ಆದ್ರೆ ದಾಖಲೆಯಲ್ಲಿ ದೇವಳಾಲಿ ‘ಪೀಸ್ ಸ್ಟೇಷನ್’. ಶಾಂತಿಯ ಠಾಣೆ!

2019ರಲ್ಲಿ 24 ವರ್ಷದ ಸೇವೆ ಮುಗಿಸಿ ಹವಾಲ್ದಾರ್ ಆಗಿ ಮನೆಗೆ ಬಂದೆ. ಬರುವಾಗ ರಿಲೀಸ್ ಮೆಡಿಕಲ್ ಬೋರ್ಡ್ ಆಗುತ್ತೆ. ಎಎಫ್‌ಎಂಎಸ್‌ಎಫ್-16 ಅನ್ನುವ ಉದ್ದನೆಯ ಫಾರ್ಮ್. ಅದರಲ್ಲಿ ನಿಮ್ಮ ಇಡೀ ಸೇವೆ ಎಲ್ಲೆಲ್ಲಿ ಅಂತ ಬರೆದು, ಒಂದೊಂದರ ಮುಂದೆ ಅದು ಪೀಸೋ ಫೀಲ್ಡೋ, ಅಂದ್ರೆ ಶಾಂತಿಯ ಜಾಗವೋ ಗಡಿ-ಯುದ್ಧದ ಕಡೆಯದೋ, ಅಂತ ಗುರುತು ಹಾಕ್ತಾರೆ. ಕೊನೆಗೆ ಬೋರ್ಡು ಮುಖ್ಯವಾಗಿ ಎರಡು ವಿಷಯ ಹೇಳಬೇಕು. ಒಂದು, ಕಾಯಿಲೆ ಸೇವೆಯಿಂದ ಬಂದಿದ್ದಾ, ಇಲ್ಲಾ ಸೇವೆಯಿಂದ ಜಾಸ್ತಿ ಆಯ್ತಾ, ಅಥವಾ ಎರಡೂ ಅಲ್ವಾ. ಎರಡು, ಎಷ್ಟು ಪರ್ಸೆಂಟು. ನನಗೆ ಬರೆದಿದ್ದು: ಸೇವೆಯಿಂದ ಬಂದದ್ದೂ ಅಲ್ಲ, ಜಾಸ್ತಿ ಆದದ್ದೂ ಅಲ್ಲ, ಕಾಯಿಲೆ ಶುರುವಾಗಿದ್ದು ಪೀಸ್ ಸ್ಟೇಷನ್ನಿನಲ್ಲಿ. ಪರ್ಸೆಂಟು 15ರಿಂದ 19.

ಈ 15-19 ನಮ್ಮವರಲ್ಲಿ ತುಂಬಾ ಜನರ ಕಾಗದದಲ್ಲಿ ಇದೆ. ಯಾಕಂದ್ರೆ ನಾನು ಬಂದಾಗಿನ ನಿಯಮದಲ್ಲಿ 20 ಮುಟ್ಟಿದ್ರೆ ಮಾತ್ರ ಡಿಸೆಬಿಲಿಟಿ ಹಣ. 19 ಅಂದ್ರೆ ಸೊನ್ನೆ. 20 ಮುಟ್ಟಿತು ಅಂದ್ರೆ 50ಕ್ಕೆ ಏರಿಸಿ ಕೊಡ್ತಾರೆ, ಅದಕ್ಕೆ ರೌಂಡಿಂಗ್ ಅಂತಾರೆ. ಮೊದಲು ಅದು ಕಾಯಿಲೆ ಕಾರಣಕ್ಕೆ ಅರ್ಧಕ್ಕೇ ಮನೆಗೆ ಕಳಿಸಿದವರಿಗೆ ಮಾತ್ರ ಅಂತ ಸರ್ಕಾರ ವಾದಿಸ್ತಿತ್ತು. ಸೇವೆ ಪೂರ್ತಿ ಮುಗಿಸಿದವರಿಗೂ ಉಂಟು ಅಂತ ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಹೇಳಿತು. ಲೆಕ್ಕ ಹಾಕಿ ನೋಡಿ. ಕೊನೆಯ ಸಂಬಳ 40,000 ಅಂತ ಇಟ್ಕೊಳ್ಳಿ. 100 ಪರ್ಸೆಂಟಿಗೆ ಅದರ ಶೇ 30, ಅಂದ್ರೆ 12,000. 50 ಪರ್ಸೆಂಟಿಗೆ 6,000. ಅದರ ಮೇಲೆ ತುಟ್ಟಿಭತ್ಯೆ. 19ಕ್ಕೂ 20ಕ್ಕೂ ನಡುವೆ ಇರೋದು ಒಂದು ಪರ್ಸೆಂಟಲ್ಲ, ತಿಂಗಳಿಗೆ 6,000 ರೂಪಾಯಿ. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತಿ ಆದವರಿಗೆ ನಿಯಮಗಳೇ ಬೇರೆ, ಅವರು ನನ್ನ ಈ ಲೆಕ್ಕ ನಂಬಿಕೊಂಡು ಕೂರಬೇಡಿ.

ಮೊದಲ ಅಪೀಲು ಹಾಕಿದೆ, ತಿರಸ್ಕಾರ. ಎರಡನೇ ಅಪೀಲು, ಅದೂ ತಿರಸ್ಕಾರ. ಎರಡೂ ಪತ್ರದಲ್ಲಿ ಅದೇ ‘ಪೀಸ್ ಸ್ಟೇಷನ್’ ಸಾಲು. ಆ ಹೊತ್ತಿಗೆ ಮಾಡಿದ ಒಂದು ಒಳ್ಳೆ ಕೆಲಸ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನನ್ನ ಮೆಡಿಕಲ್ ಕಾಗದ ಪೂರ್ತಿ ತರಿಸಿಕೊಂಡಿದ್ದು. ಭರ್ತಿಯ ಪಿಸುಮಾತು ಪರೀಕ್ಷೆ, 2014ರ ಆಡಿಯೋಗ್ರಾಮ್, 2019ರ ಆಡಿಯೋಗ್ರಾಮ್, ಬೋರ್ಡಿನ ಫಾರ್ಮ್, ಎಲ್ಲಾ ಬಂತು. ಅರ್ಜಿಗೆ ಹತ್ತು ರೂಪಾಯಿ, ನಕಲಿಗೆ ಸ್ವಲ್ಪ ದುಡ್ಡು. ವಕೀಲರ ಮನೆ ಬಾಗಿಲಿಗೆ ಹೋಗುವ ಮುಂಚೆ ಇದನ್ನ ಮಾಡಿ.

2022ರಲ್ಲಿ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ಗೆ, ಅಂದ್ರೆ ಸೈನಿಕರ ಕೇಸು ಕೇಳುವ ನ್ಯಾಯಮಂಡಳಿಗೆ ಹೋದೆ. ಕರ್ನಾಟಕದವರ ಕೇಸು ಕೊಚ್ಚಿ ಪೀಠಕ್ಕೆ ಬರುತ್ತೆ. ನಮ್ಮ ವಕೀಲರು ಹಿಡಿದ ದಾರಿ 2013ರ ಜುಲೈ 2ರ ಧರಮ್‌ವೀರ್ ಸಿಂಗ್ ತೀರ್ಪು. ಆ ಸೈನಿಕರಿಗಿದ್ದದ್ದು ಮೂರ್ಛೆ ರೋಗ. ಸುಪ್ರೀಂ ಕೋರ್ಟು ಹೇಳಿದ್ದು ಸರಳ: ಸೇರುವಾಗಿನ ಕಾಗದದಲ್ಲಿ ಕಾಯಿಲೆ ಇದೆ ಅಂತ ಬರೆದಿಲ್ಲ ಅಂದ್ರೆ ಆಗ ಚೆನ್ನಾಗಿಯೇ ಇದ್ದರು ಅಂತ ತಿಳೀಬೇಕು, ಆಮೇಲೆ ಬಂದ ಕಾಯಿಲೆ ಸೇವೆಯಿಂದ ಬಂದಿದ್ದಲ್ಲ ಅಂತ ತೋರಿಸುವ ಹೊರೆ ಸರ್ಕಾರದ ಮೇಲಿದೆ, ಸಿಪಾಯಿ ಮೇಲಲ್ಲ. ಇದನ್ನು ಕೇಳಿದಾಗ ನಮ್ಮ ಕೇಸು ಗೆದ್ದ ಹಾಗೇ ಅಂತ ಮನೆಯಲ್ಲಿ ಹೇಳಿಬಿಟ್ಟೆ. ಆದ್ರೆ ‘ಯಾಕೆ’ ಅನ್ನೋದು ಗೆದ್ದರೂ ‘ಎಷ್ಟು’ ಅನ್ನೋದು 20ರ ಕೆಳಗೇ ಇತ್ತಲ್ಲ. ಹಾಗಾಗಿ ಆದೇಶ ಬಂತು: ಹೊಸ ಮೆಡಿಕಲ್ ಬೋರ್ಡ್ ಕೂರಿಸಿ, ಅರ್ಜಿದಾರರನ್ನು ಮತ್ತೆ ಪರೀಕ್ಷೆ ಮಾಡಿ, ವರದಿ ಕೊಡಿ.

ಖುಷಿಯೂ ಆಯ್ತು, ಸಿಟ್ಟೂ ಬಂತು. 2019ರಲ್ಲಿ ನನ್ನ ಕಿವಿ ಎಷ್ಟು ಹೋಗಿತ್ತು ಅನ್ನೋದು ಜಗಳ. ಅದಕ್ಕೆ 2024ರ ಕಿವಿ ನೋಡ್ತಾರೆ. ಹೋದ ವರ್ಷದ ಬೆಳೆಹಾನಿಗೆ ಈ ವರ್ಷದ ಹೊಲ ನೋಡಿ ಸರ್ವೆ ಬರೆದ ಹಾಗೆ. ವಕೀಲರು ವಾದದಲ್ಲೇ ಕೇಳಿದ್ದರು, ‘2019ರ ಆಡಿಯೋಗ್ರಾಮ್ ಫೈಲಿನಲ್ಲೇ ಇದೆ, ಅದನ್ನು ನೋಡಿ ಆಗ ಎಷ್ಟಿತ್ತು ಅಂತಲೂ ಬೋರ್ಡು ಹೇಳಲಿ’ ಅಂತ. ಆದೇಶದಲ್ಲಿ ಆ ಸಾಲು ಬರಲಿಲ್ಲ. ನಿಮ್ಮ ಕೇಸು ಇನ್ನೂ ಬೋರ್ಡಿಗೆ ಹೋಗಿಲ್ಲ ಅಂದ್ರೆ ಇದೊಂದು ಸಾಲಿಗೆ ವಕೀಲರ ಬೆನ್ನು ಬಿಡಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಈಗ ಪತ್ರದ ಕಥೆ. ಬೋರ್ಡಿಗೆ ಬರಬೇಕು ಅನ್ನೋ ಪತ್ರ ನನಗೆ ಬರಲೇ ಇಲ್ಲ. ಆರ್ಡರ್ ಆಗಿ ತಿಂಗಳುಗಳಾದವು, ಸುದ್ದಿಯಿಲ್ಲ. ನನ್ನ ಫೋನ್ ಕೆಲಸ ಎಲ್ಲಾ ಮಾಡೋದು ತಂಗಿಯ ಮಗ, ಅವನು ಕೂತು ಕೂತು ಆಫೀಸಿಗೆ ಫೋನ್ ಮಾಡಿದ. ‘ಕಳಿಸಿ ಆಗಿದೆ, ನಿಮ್ಮವರೇ ಬಂದಿಲ್ಲ’ ಅಂದರಂತೆ. ಎದೆ ಧಸಕ್ ಅಂತು. ಬಂದಿಲ್ಲ ಅಂತ ಬರೆದು ಫೈಲ್ ಮುಚ್ಚಿದ್ರೆ? ಆಮೇಲೆ ಒಂದು ಮಧ್ಯಾಹ್ನ ನಮ್ಮ ಪೋಸ್ಟ್‌ಮ್ಯಾನ್ ಕವರು ತಂದ. ಅಳಿಯ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಿವಿ ಹತ್ತಿರ ಬಂದು ಕೂಗಿದ: ‘ಮಾವಾ, ಇದು ರಾಯಚೂರು ನೋಡ್ಕೊಂಡು ಬಂದೈತ್ರಿ!’

ಕವರಿನ ಮೇಲೆ ಠಸ್ಸೆ ಮೇಲೆ ಠಸ್ಸೆ. ವಿಳಾಸ: ಯಲಬುರ್ಗಾ ತಾಲ್ಲೂಕು, ರಾಯಚೂರು ಜಿಲ್ಲೆ, ಹಳೇ ಪಿನ್ ಕೋಡ್. ಯಾರೋ ಪುಣ್ಯಾತ್ಮರು ಕೆಂಪು ಪೆನ್ನಿನಲ್ಲಿ ರಾಯಚೂರು ಹೊಡೆದು ಕೊಪ್ಪಳ ಅಂತ ಬರೆದಿದ್ದರು. ಒಳಗೆ ಇದ್ದ ತಾರೀಖು ಯಾವಾಗಲೋ ಕಳೆದಿತ್ತು. ಅವತ್ತೇ ಕುಕನೂರಿನಿಂದ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಹಾಕಿದೆವು, ಕವರಿನ ಎರಡೂ ಬದಿಯ ಫೋಟೋ ಜೊತೆಗೆ, ವಕೀಲರಿಗೂ ಒಂದು ಪ್ರತಿ. ಹೊಸ ತಾರೀಖು ಕೊಟ್ಟರು. ನಮ್ಮ ಕೊಪ್ಪಳ ಜಿಲ್ಲೆಯಿಂದ 1997ಕ್ಕೂ ಮುಂಚೆ ಸೇರಿದ ಎಲ್ಲರಿಗೂ ಹೇಳ್ತೀನಿ, ಪಿಂಚಣಿಯ ಆನ್‌ಲೈನ್ ತಾಣ ಸ್ಪರ್ಶ್ ಪೋರ್ಟಲ್‌ನಲ್ಲಿ ವಿಳಾಸ ಸರಿ ಇದ್ದರೆ ಸಾಲದು, ಸೈನಿಕರ ಸೇವಾ ಕಾಗದ ಇಡುವ ರೆಕಾರ್ಡ್ ಆಫೀಸಿನ ದಾಖಲೆಯಲ್ಲೂ ಜಿಲ್ಲೆ ಬದಲಾಗಿದೆಯಾ ಅಂತ ಕೇಳಿ ತಿಳ್ಕೊಳ್ಳಿ.

ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆದ್ರೆ ಕಿವಿ ಪರೀಕ್ಷೆಯ ಹಿಂದಿನ ದಿನ ಜೋರು ಶಬ್ದದಿಂದ ದೂರ ಇರಬೇಕು, ಇಲ್ಲಾಂದ್ರೆ ಕಿವಿ ತಾತ್ಕಾಲಿಕವಾಗಿ ಮಂದ ಆಗಿ ಲೆಕ್ಕ ತಪ್ಪುತ್ತೆ. ರಾತ್ರಿಯೆಲ್ಲಾ ಸ್ಲೀಪರ್ ಕೋಚಿನ ಗಡಗಡ ಕೇಳಿಸಿಕೊಂಡು ಸೀದಾ ಹೋಗಿ ಕೂತ್ರೆ ‘ಇದು ರೈಲಿನ ಪರಿಣಾಮ’ ಅಂತ ಮತ್ತೆ ವಾಪಸ್ ಕಳಿಸ್ತಾರೆ ಅನ್ನೋ ಭಯ ನನಗೆ. ಒಂದು ದಿನ ಮುಂಚೆಯೇ ಹೋಗಿ ಸಂಬಂಧಿಕರ ಮನೆಯಲ್ಲಿ ಸುಮ್ನೆ ಬಿದ್ದುಕೊಂಡಿದ್ದೆ, ಟಿವಿಯನ್ನೂ ಹಚ್ಚಿಸಲಿಲ್ಲ. ಹೊರಡುವ ಮುಂಚೆ ಕೊಪ್ಪಳದಲ್ಲೇ ಕಿವಿ ಡಾಕ್ಟರ ಹತ್ತಿರ ಗುಗ್ಗೆ ತೆಗೆಸಿ, ‘ಗುಗ್ಗೆ ಇಲ್ಲ, ಪರದೆ ಸರಿಯಾಗಿದೆ’ ಅಂತ ಚೀಟಿ ಬರೆಸಿಕೊಂಡಿದ್ದೆ. ಅದು ಒಳ್ಳೇದಾಯ್ತು. ಮಿಲಿಟರಿ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಅದನ್ನ.

ಪರೀಕ್ಷೆಯ ಕೋಣೆ ನಮ್ಮೂರ ಎಸ್‌ಟಿಡಿ ಬೂತಿಗಿಂತ ಸ್ವಲ್ಪ ದೊಡ್ಡದು. ಗೋಡೆಗೆಲ್ಲಾ ತೂತು ತೂತಿನ ಹಲಗೆ, ದಪ್ಪ ಬಾಗಿಲು. ಹೆಡ್‌ಫೋನ್ ಹಾಕಿ ಕೈಗೆ ಒಂದು ಬಟನ್ ಕೊಟ್ಟು ಬಾಗಿಲು ಹಾಕಿದರು. ಸದ್ದು ಕೇಳಿದ ಕೂಡಲೇ ಒತ್ತಬೇಕು. ಹೊರಗಡೆ ಸದ್ದು ಪೂರ್ತಿ ನಿಂತಾಗ ನನ್ನ ಕಿವಿಯ ‘ಗುಂಯ್’ ಎಷ್ಟು ಜೋರಾಗಿದೆ ಅಂತ ನನಗೇ ಗೊತ್ತಾಯ್ತು. ‘ಪೀ’ ಅಂತ ಬರುವ ಸಣ್ಣ ಸದ್ದು ಮಷೀನಿಂದಾ, ನನ್ನ ತಲೆಯಿಂದಾ? ಬೆರಳು ಬಟನ್ ಮೇಲೇ ಇದೆ, ಒತ್ತಲಾ ಬೇಡ್ವಾ. ಒತ್ತಿದ್ರೆ ಚೆನ್ನಾಗಿ ಕೇಳುತ್ತೆ ಅಂತ ಬರೀತಾರೆ, ಒತ್ತದಿದ್ರೆ ನಾಟಕ ಅಂತಾರೆ. ಗಾಜಿನ ಆಚೆ ಕೂತ ಹುಡುಗಿ ನನ್ನ ಮುಖ ನೋಡಿ ಬಾಗಿಲು ತೆಗೆದು, ಹಿಂದಿಯಲ್ಲಿ ಹೇಳಿದಳು: ‘ಅಂಕಲ್, ಯೋಚನೆ ಮಾಡಬೇಡಿ. ಕೇಳಿದ್ರೆ ಒತ್ತಿ, ಅಷ್ಟೇ. ನಿಮ್ಮ ಕಿವಿಯ ಶಬ್ದದ ಬಗ್ಗೆ ನಾನು ಬರೀತೀನಿ, ಬೇರೆ ಥರದ ಸದ್ದು ಕೊಡ್ತೀನಿ.’ ಆಮೇಲೆ ‘ಪೀ ಪೀ ಪೀ’ ಅಂತ ತುಂಡು ತುಂಡು ಸದ್ದು ಕೊಟ್ಟಳು. ಅದು ಸುಲಭ ಆಯ್ತು. ಕಿವಿಯಲ್ಲಿ ಗುಂಯ್‌ಗುಡುವ ತೊಂದರೆ ಇದ್ದವರು ಶುರುವಿನಲ್ಲೇ ಹೇಳಿಬಿಡಿ.

ಮಧ್ಯಾಹ್ನದ ಮೇಲೆ ಬೇರಾ ಅಂತ ಇನ್ನೊಂದು ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ಮಲಗಿಸ್ತಾರೆ. ಕಿವಿಯಲ್ಲಿ ಟಕಟಕ ಸದ್ದು ಬರ್ತಾ ಇರುತ್ತೆ. ಬಟನ್ ಇಲ್ಲ, ನಾವು ಏನೂ ಹೇಳೋದಿಲ್ಲ, ಮಿದುಳಿನವರೆಗೆ ಸದ್ದು ಮುಟ್ಟಿತಾ ಅಂತ ಮಷೀನೇ ಬರ್ಕೊಳ್ಳುತ್ತೆ. ನಾಟಕ ಮಾಡುವವರನ್ನು ಹಿಡಿಯೋಕೆ ಇದು ಅಂತ ಕೆಲವರು ಬೇಜಾರು ಮಾಡ್ಕೊಳ್ತಾರೆ. ನನಗೆ ಮಾತ್ರ ಇದೇ ಜಾಸ್ತಿ ಇಷ್ಟ ಆಯ್ತು. ನನ್ನ ಮಾತಿನ ಮೇಲೆ ಅನುಮಾನ ಇದ್ರೆ ಮಷೀನನ್ನೇ ಕೇಳ್ಕೊಳ್ಳಿ, ಅಲ್ವಾ?

ಬೋರ್ಡ್ ಮುಂದೆ ಕೂತಿದ್ದು ಕೊನೆಗೆ, ಸ್ವಲ್ಪ ಹೊತ್ತು ಮಾತ್ರ. ಅಧ್ಯಕ್ಷರು ತಲೆ ತಗ್ಗಿಸಿ ಫೈಲ್ ನೋಡ್ತಾ ಮಾತಾಡ್ತಿದ್ದರು, ನನಗೆ ತುಟಿ ಕಾಣದಿದ್ದರೆ ಮಾತು ಅರ್ಧ ಹೋಗುತ್ತೆ. ‘ಸಾಹೇಬ್, ಮುಖ ಮೇಲೆ ಮಾಡಿ ಮಾತಾಡಿ’ ಅಂತ ಹವಾಲ್ದಾರ್ ಒಬ್ಬ ಆಫೀಸರಿಗೆ ಹೇಳಬಹುದಾ? ಹೇಳಿದೆ. ಅವರು ನಕ್ಕು ಫೈಲ್ ಪಕ್ಕಕ್ಕಿಟ್ಟರು.

‘ನಿವೃತ್ತಿ ಆದ ಮೇಲೆ ಏನು ಕೆಲಸ?’
‘ಬ್ಯಾಂಕಿನಲ್ಲಿ ಗಾರ್ಡ್, ಸರ್.’
‘ಹೊಲ ಇದೆಯಾ? ಟ್ರ್ಯಾಕ್ಟರ್ ಓಡಿಸ್ತೀರಾ?’

ಈ ಪ್ರಶ್ನೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಯ್ತು. ಈ ಐದು ವರ್ಷದ ಟ್ರ್ಯಾಕ್ಟರ್, ರೈಸ್ ಮಿಲ್ಲು, ಕಾರ್ಖಾನೆ ಯಾವುದರ ಮೇಲಾದ್ರೂ ಹಾಕಬಹುದಲ್ಲ. ನಮ್ಮ ಕಡೆ ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ, ಗಿಣಿಗೇರಿಯ ಫ್ಯಾಕ್ಟರಿಗಳಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಇರುವ ಮಾಜಿ ಸೈನಿಕರು ಎಷ್ಟೋ ಜನ. ನಾನು ಬ್ಯಾಂಕಿನಿಂದ ಕೆಲಸದ ಪತ್ರ ತಗೊಂಡು ಹೋಗಿದ್ದೆ, ಟೇಬಲ್ ಮೇಲಿಟ್ಟೆ. ಟ್ರ್ಯಾಕ್ಟರ್ ಬಾಡಿಗೆಯದು, ಓಡಿಸುವವನು ಬೇರೆ ಅಂದೆ. ಬರ್ಕೊಂಡರು.

ಆಮೇಲೆ ನಾನೇ 2014, 2019ರ ಆಡಿಯೋಗ್ರಾಮ್ ತೆಗೆದು ಅವತ್ತಿನದರ ಪಕ್ಕದಲ್ಲಿಟ್ಟೆ. ಇದನ್ನು ಹೇಳಿಕೊಟ್ಟಿದ್ದು ಕೊಪ್ಪಳದ ಡಾಕ್ಟರು. ಮೂರರಲ್ಲೂ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದು, 8000ಕ್ಕೆ ಹೋಗುವಾಗ ಮತ್ತೆ ಸ್ವಲ್ಪ ಮೇಲೇಳುತ್ತೆ. ಜೋರು ಶಬ್ದದಿಂದ ಕೆಟ್ಟ ಕಿವಿಯ ಗುರುತು ಅದು. ವಯಸ್ಸಿನಿಂದ ಮಂದ ಆಗುವ ಕಿವಿಯಲ್ಲಿ ಗೆರೆ ಆ ಕಡೆ ಇಳೀತಾನೇ ಹೋಗುತ್ತೆ, ಮೇಲೇಳೋದಿಲ್ಲ. ಹೆಂಗಸರ, ಮಕ್ಕಳ ಮಾತು ನನಗೆ ಜಾಸ್ತಿ ತಪ್ಪೋದು, ‘ಸ’ ‘ಶ’ ಕೇಳಿಸದೇ ಇರೋದು ಇದೇ ಕಾರಣಕ್ಕೆ. ನನ್ನ ಹೆಂಡತಿ ಒಂದು ಮಾತು ಹೇಳಬೇಕು ಅಂದ್ರೆ ಕೂಗಬೇಕು, ಪಕ್ಕದ ಮನೆಯವರು ಇವರದ್ದು ದಿನಾ ಜಗಳ ಅಂದ್ಕೊಂಡಿದ್ದಾರೆ. ಕಾರಣ ಏನು ಅಂತ ಆ ಗೆರೆಯೇ ಹೇಳ್ತಿದೆ ಅಂದೆ. ಅಧ್ಯಕ್ಷರು ಮೂರೂ ಹಾಳೆ ನೋಡಿದರು, ಏನೂ ಹೇಳಲಿಲ್ಲ.

ವರದಿ ಬಂದಾಗ ಹೀಗಿತ್ತು: 30 ಪರ್ಸೆಂಟು, ಜೀವನಪರ್ಯಂತ. ಕಾರಣದ ಕಾಲಂನಲ್ಲಿ ಮತ್ತೆ ಅದೇ, ಸೇವೆಗೆ ಸಂಬಂಧವಿಲ್ಲ, ಪೀಸ್ ಸ್ಟೇಷನ್. 2019ರ ಸಾಲನ್ನೇ ಎತ್ತಿಟ್ಟ ಹಾಗಿತ್ತು. ಅಷ್ಟೆಲ್ಲಾ ಮಷೀನು ಹಚ್ಚಿ ಕಿವಿ ಅಳೆದವರು ಕಾರಣ ಬರೆಯುವಾಗ ಹಳೇ ಕಾಗದ ನೋಡಿ ಬರೆದರು ಅನ್ನೋದು ನನ್ನ ಅಭಿಪ್ರಾಯ, ಯಾರು ಏನೇ ಅನ್ನಲಿ.

ಟ್ರಿಬ್ಯುನಲ್‌ನಲ್ಲಿ ಕಾರಣದ ವಿಷಯ ನಿಲ್ಲಲಿಲ್ಲ. ಭರ್ತಿಯಲ್ಲಿ ಕಿವಿ ಸರಿ ಇತ್ತು, 24 ವರ್ಷ ಗನ್ನಿನ ಪಕ್ಕದಲ್ಲೇ ಕೆಲಸ, ಪೀಸ್ ಸ್ಟೇಷನ್ ಅಂದ ಮಾತ್ರಕ್ಕೆ ಫೈರಿಂಗ್ ಇರಲಿಲ್ಲ ಅಂತಲ್ಲ, ಬೋರ್ಡು ಬೇರೆ ಕಾರಣ ತೋರಿಸಿಲ್ಲ. ಸೇವೆಯಿಂದಲೇ ಬಂದದ್ದು ಅಂತ ಆಯ್ತು. 30 ಇದ್ದದ್ದು 50ಕ್ಕೆ ಏರಿತು. ಆದ್ರೆ ಯಾವಾಗಿನಿಂದ? ಹೊಸ ಬೋರ್ಡು ಕೂತ ದಿನದಿಂದ. ಅದಕ್ಕೂ ಮುಂಚೆ ಕಾಗದದಲ್ಲಿ ಇದ್ದದ್ದು 15-19 ಮಾತ್ರ, 20 ದಾಟಿತ್ತು ಅಂತ ಯಾವ ಬೋರ್ಡೂ ಹೇಳಿಲ್ಲ. 2019ರಿಂದ 2024ರವರೆಗಿನದು ಹೋಯ್ತು. ಆ ಒಂದು ಸಾಲಿನ ಬಗ್ಗೆ ಮೇಲೆ ಹೇಳಿದೆನಲ್ಲ, ಇದಕ್ಕೇ.

ಆ ಐದು ವರ್ಷದ ಬಗ್ಗೆ ಮರುಪರಿಶೀಲನೆ ಅರ್ಜಿ ಹಾಕಿದ್ದೇವೆ, 2019ರ ಆಡಿಯೋಗ್ರಾಮನ್ನೇ ಮುಂದಿಟ್ಟು. ಇನ್ನೂ ತೀರ್ಮಾನ ಆಗಿಲ್ಲ. ಆಗಿರುವ ಆದೇಶದ ಪ್ರಕಾರದ ಹಣ ಸ್ಪರ್ಶ್‌ನಲ್ಲಿ ಬರೋಕೆ ಶುರುವಾಗಿದೆ, ಹೊಸ ಪಿಪಿಒ (ಪಿಂಚಣಿ ಆದೇಶ ಪತ್ರ) ಕೂಡ ಬಂತು. ಅದರಲ್ಲಿ ಜಿಲ್ಲೆ ಕೊಪ್ಪಳ ಅಂತ ಸರಿಯಾಗಿದೆ, ತಾಲ್ಲೂಕು ಇನ್ನೂ ಯಲಬುರ್ಗಾನೇ. ಅದಕ್ಕೂ ಅರ್ಜಿ ಬರೆಯೋಕೆ ಅಳಿಯನಿಗೆ ಹೇಳಿದ್ದೀನಿ.

ಬೋರ್ಡಿಗೆ ಹೋಗುವವರು ಕಾಗದಗಳ ಎರಡು ಸೆಟ್ ಮಾಡ್ಕೊಳ್ಳಿ, ಒಂದು ಅವರಿಗೆ ಕೊಡೋಕೆ, ಒಂದು ನಿಮ್ಮ ಕೈಯಲ್ಲಿರೋಕೆ. ಕಿವಿಯ ಕೇಸಿನವರು ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ, ಹೊರಗಡೆ ಹೆಸರು ಕೂಗಿದ್ರೆ ನಮಗೆ ಕೇಳಿಸೋದಿಲ್ಲ. ಇನ್ನೇನಾದ್ರೂ ಕೇಳೋದಿದ್ರೆ ಬರೆದು ಕಳಿಸಿ. ದಯವಿಟ್ಟು ಫೋನ್ ಮಾಡಬೇಡಿ.